ನಿಂತಾಗ ನಮ್ಮದು, ಬಿದ್ದಾಗ ನಿಮ್ಮದು

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಹಿರಿಯರು ಹೇಳಿದ್ದಾರೆ. ನಮ್ಮ ಲೇಔಟಿನ ಮೂರನೇ ಅಡ್ಡರಸ್ತೆಗೆ ಭರಣಿ ಮಳೆ ಬಂದದ್ದು ಸಂಜೆ ಐದೂವರೆಗೆ, ಹೋದದ್ದು ಆರಕ್ಕೆ. ಬೆಳೆ ಏನೂ ಬರಲಿಲ್ಲ. ಒಂದು ಗುಲ್‌ಮೊಹರ್ ಮರ ಬಂತು, ಅಡ್ಡಡ್ಡ.

ಬುಡ ಬಲಗಡೆ ಮನೆ ಸಾರ್ ಅವರ ಗೇಟಿನ ಪಕ್ಕ, ಕಾಂಡ ರಸ್ತೆಯ ಮೇಲೆ. ತಲೆ ಎದುರುಮನೆ ಆಂಟಿಯ ಕಾಂಪೌಂಡಿನೊಳಗೆ, ತುಳಸಿಕಟ್ಟೆಗೆ ಒಂದು ಗೇಣು ಇತ್ತಲಾಗಿ. ಒಂದು ದಪ್ಪ ಕೊಂಬೆ ಮೂಲೆಮನೆ ಮೇಷ್ಟ್ರ ಸ್ಕೂಟರಿನ ಮೇಲೆ, ಇನ್ನೊಂದು ಕರೆಂಟಿನ ತಂತಿಯನ್ನು ಕಂಕುಳಲ್ಲಿ ಅವುಚಿಕೊಂಡು. ನಮ್ಮ ಮನೆಯ ಪಾಲಿಗೆ ಬಂದದ್ದು ಬರೀ ಎಲೆ ಮತ್ತು ಹೂವು. ಅದಕ್ಕೇ ಇದನ್ನು ನಾನು ಬರೆಯುತ್ತಿದ್ದೇನೆ. ಮೇಷ್ಟ್ರು ಬರೆದಿದ್ದರೆ ನೀವು ನಗುವ ಹಾಗಿರುತ್ತಿರಲಿಲ್ಲ.

ಮಳೆ ಪೂರ್ತಿ ನಿಂತಿರಲಿಲ್ಲ. ಬಲಗಡೆ ಮನೆ ಸಾರ್ ತಲೆಗೆ ಟವೆಲ್ ಹಾಕಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದು ಹೊರಗೆ ಬಂದರು. ಪರವಾಗಿಲ್ಲ, ಒಬ್ಬರಾದರೂ ಮುಂದೆ ಬಂದರಲ್ಲ ಅಂದುಕೊಂಡೆ. ಅವರು ಸೀದಾ ಕಾಂಡದ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು, ಅದಕ್ಕೆ ಹೊಡೆದಿದ್ದ ‘ನೋ ಪಾರ್ಕಿಂಗ್’ ಬೋರ್ಡಿನ ನಾಲ್ಕು ಮೊಳೆಯನ್ನೂ ಒಂದೊಂದಾಗಿ ಎಬ್ಬಿಸಿ, ಬೋರ್ಡನ್ನು ಪಂಚೆಯಲ್ಲಿ ಒರೆಸಿ, ಕಂಕುಳಲ್ಲಿಟ್ಟುಕೊಂಡು ಒಳಗೆ ಹೋದರು. ಬಾಗಿಲು ಹಾಕುವ ಮುಂಚೆ ನನ್ನ ಕಡೆ ತಿರುಗಿ ಹೇಳಿದರು, “ಸರ್ಕಾರದ ಮರ ನೋಡಿ ಇದು. ಯಾರಿಗಾದರೂ ಫೋನ್ ಮಾಡಿ.”

ಹಿಂದಿನ ದಿನದವರೆಗೆ ಅದು ಸರ್ಕಾರದ್ದಾಗಿರಲಿಲ್ಲ. ಮಗಳ ಮದುವೆಯ ಲಗ್ನಪತ್ರಿಕೆಯಲ್ಲೇ ಅವರು ವಿಳಾಸದ ಕೆಳಗೆ ‘ಗುಲ್‌ಮೊಹರ್ ಮರದ ಮನೆ’ ಎಂದು ಅಚ್ಚು ಹಾಕಿಸಿದ್ದರು. ಎದುರುಮನೆ ಆಂಟಿಗೆ ಅದು ‘ನಮ್ಮ ಮರ’, ಅವರ ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ಅದಕ್ಕೇ ಕಟ್ಟಿತ್ತು. ಮೂಲೆಮನೆ ಮೇಷ್ಟ್ರಂತೂ ಸಸಿ ನೆಟ್ಟದ್ದೇ ತಾವು ಅನ್ನುತ್ತಿದ್ದರು, ಗುದ್ದಲಿ ಹಿಡಿದ ಫೋಟೋ ಹಜಾರದಲ್ಲಿದೆ. ಈಗ ಕೇಳಿದರೆ, “ನಾನು ಗುದ್ದಲಿ ಹಿಡಿದಿದ್ದೆ ಅಷ್ಟೇ, ಗಿಡ ಬೇರೆಯವರ ಕೈಲಿತ್ತು” ಎಂದರು. ಒಂದೇ ಸಂಜೆ ಮೂವರು ಮಾಲೀಕರ ರಾಜೀನಾಮೆ. ನಮ್ಮ ರಾಜಕಾರಣಿಗಳಿಂದಲೂ ಆಗದ ಕೆಲಸವಿದು.

ಎಲ್ಲ ಮರಕ್ಕೂ ಹೀಗೆ ಆಗುವುದಿಲ್ಲ. ಎರಡು ವರ್ಷದ ಹಿಂದೆ ಹಿಂದಿನ ಬೀದಿಯಲ್ಲಿ ಒಂದು ಹಲಸಿನ ಮರ ಬಿತ್ತು. ಬೆಳಿಗ್ಗೆ ಬಿದ್ದ ಮರಕ್ಕೆ ಮಧ್ಯಾಹ್ನದೊಳಗೆ ನಾಲ್ವರು ವಾರಸುದಾರರು. ಒಬ್ಬರು ಸೈಟಿನ ಸ್ಕೆಚ್ ತಂದರು, ಇನ್ನೊಬ್ಬರು ತೀರಿಹೋದ ಅತ್ತೆ ನೀರು ಹಾಕಿ ಬೆಳೆಸಿದ್ದನ್ನು ನೆನೆದು ಕಣ್ಣೀರು ಹಾಕಿದರು. ಹಲಸಿನ ದಿಮ್ಮಿಯಿಂದ ಬಾಗಿಲಾಗುತ್ತದೆ, ವೀಣೆಯಾಗುತ್ತದೆ. ಸಂಜೆಗೆ ರಸ್ತೆಯಲ್ಲಿ ಉಳಿದದ್ದು ಗರಗಸದ ಹೊಟ್ಟು ಮಾತ್ರ. ಗುಲ್‌ಮೊಹರ್ ದಿಮ್ಮಿಯಿಂದ ಒಂದು ಮಣೆಯೂ ಸರಿಯಾಗಿ ಆಗುವುದಿಲ್ಲ. ಸರ್ಕಾರದ ಲೆಕ್ಕವೂ ಇದೇ ತಾನೆ? 2001ರಲ್ಲಿ ಕಾನೂನು ತಿದ್ದುವವರೆಗೆ ನಿಮ್ಮ ಹಿತ್ತಲಲ್ಲಿ ತಾನಾಗಿ ಹುಟ್ಟಿದ ಶ್ರೀಗಂಧವೂ ಸರ್ಕಾರದ ಸ್ವತ್ತಾಗಿತ್ತು. ಗಂಧದ ಮರ ಎಂದರೆ ಬೇಲಿ ಹಾರಿ ಬಂದು ‘ನಮ್ಮದು’ ಅನ್ನುತ್ತಿದ್ದವರು, ಗುಲ್‌ಮೊಹರ್ ಅಂದ ಕೂಡಲೇ “ಯಾವ ವಾರ್ಡು?” ಅಂತ ಕೇಳಿ ಫೋನ್ ಇಟ್ಟುಬಿಡುತ್ತಾರೆ.

ಫೋನಿನ ಕಥೆ ನಿಮಗೂ ಗೊತ್ತಿರುವುದೇ. ಮರ ತೆಗೆಯದೆ ತಂತಿ ಮುಟ್ಟುವ ಹಾಗಿಲ್ಲ ಎಂದರು ಕರೆಂಟಿನವರು. ತಂತಿ ತೆಗೆಯದೆ ಮರ ಮುಟ್ಟುವ ಹಾಗಿಲ್ಲ ಎಂದರು ಮರದವರು. ಮುಂದಕ್ಕೆ ಹೋಗೋಣ.

ಮೂರನೇ ದಿನ ಒಬ್ಬ ಅಧಿಕಾರಿ, ಜೊತೆಗೊಬ್ಬ ಟೇಪು ಹಿಡಿದ ಸಹಾಯಕ ಬಂದರು. ನಮ್ಮ ಫೋನಿಗೆ ಬಂದವರಲ್ಲ. ಬಲಗಡೆ ಮನೆ ಸಾರ್ ಹದಿನಾಲ್ಕು ತಿಂಗಳ ಹಿಂದೆ, ಕಾರು ತಿರುಗಿಸಲು ಅಡ್ಡ ಎಂದು, ಮರ ಕಡಿಯಲು ಅನುಮತಿ ಕೋರಿ ಗುಟ್ಟಾಗಿ ಅರ್ಜಿ ಹಾಕಿದ್ದರಂತೆ. ಅದರ ಸ್ಥಳ ಪರಿಶೀಲನೆ. ಅಧಿಕಾರಿ ಫೈಲು ಬಿಚ್ಚಿ ಕೇಳಿದರು, “ಮರ ಎಲ್ಲಿ?”

“ಅದರ ಮೇಲೇ ನಿಂತಿದ್ದೀರಿ ಸಾರ್.”

ಅವರು ಇಳಿದರು. ಅನುಮತಿ ಸಿಗುವ ಮುಂಚೆ ಮರ ಬಿದ್ದದ್ದು ಅವರಿಗೆ ಅಷ್ಟು ಹಿಡಿಸಿದಂತೆ ಕಾಣಲಿಲ್ಲ. ಎದುರುಮನೆ ಆಂಟಿಯ ಯಜಮಾನರು ನಿವೃತ್ತ ವಕೀಲರು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ಬಾಯಲ್ಲೇ ಹೇಳಿದರು: ಸತ್ತ ಮರ, ರೋಗದ ಮರ, ಗಾಳಿಗೆ ಬಿದ್ದ ಮರಕ್ಕೆ ಅನುಮತಿ ನಿರಾಕರಿಸುವ ಹಾಗಿಲ್ಲ. ಅಧಿಕಾರಿ ಮುಗುಳ್ನಕ್ಕರು. “ನಿರಾಕರಿಸೋ ಹಾಗಿಲ್ಲ ಸಾರ್, ನಿಜ. ಆದರೆ ನಿರಾಕರಿಸದೇ ಇರಬೇಕು ಅಂದರೆ ಮೊದಲು ನೀವು ಕೇಳಬೇಕಲ್ಲ?” ವಕೀಲರು ತಮ್ಮ ವೃತ್ತಿಜೀವನದಲ್ಲಿ ಅಂಥ ವಾದ ಕೇಳಿರಲಿಲ್ಲ. ಕೂಡಲೇ ಹತ್ತೊಂಬತ್ತನೇ ಶತಮಾನಕ್ಕೆ ಹೋದರು. ಪಕ್ಕದವರ ಮರದ ಕೊಂಬೆ ನಿಮ್ಮ ಜಾಗಕ್ಕೆ ಚಾಚಿದರೆ ನೋಟಿಸು ಕೊಡದೆಯೇ ಕತ್ತರಿಸಬಹುದು ಎಂದು ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಆಗಲೇ ತೀರ್ಪು ಕೊಟ್ಟಿದೆಯಂತೆ. “ಹಾಗಾದರೆ ಕತ್ತರಿಸಿ ಸಾರ್, ನಿಮ್ಮ ಕಾಂಪೌಂಡಿನಲ್ಲೇ ಇದೆಯಲ್ಲ ತಲೆ” ಎಂದೆ. “ಕತ್ತರಿಸೋ ಹಕ್ಕಿದೆ ಅಂದೆ ಕಣ್ರೀ, ಕತ್ತರಿಸ್ತೀನಿ ಅಂದೆನಾ?” ಎಂದು ನನ್ನ ಮೇಲೇ ಹರಿಹಾಯ್ದರು.

ಆಮೇಲೆ ಅಳತೆ. ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯಬೇಕು. ಮರವೇ ನೆಲದ ಮೇಲಿದೆ. ಸಹಾಯಕ ಹುಡುಗ ಟೇಪನ್ನು ಆಕಾಶದ ಕಡೆ ಒಮ್ಮೆ ಎತ್ತಿ ನೋಡಿದ, ಕೊನೆಗೆ ಬುಡದಿಂದ ತಲೆಯ ಕಡೆಗೆ ಅಡ್ಡಲಾಗಿ ಅಳೆದು, ಕಾಂಡದ ಕೆಳಗೆ ಟೇಪು ತೂರಿಸಲು ಕೆಸರಿನಲ್ಲಿ ಮಲಗಿದ. ಪಾಪ, ಆ ಇಡೀ ವಾರದಲ್ಲಿ ಆ ಮರವನ್ನು ಅಪ್ಪಿಕೊಂಡವನು ಅವನೊಬ್ಬನೇ. 1983ರಲ್ಲಿ ಶಿರಸಿಯ ಸಾಲ್ಕಣಿ ಕಾಡಿನಲ್ಲಿ ಮರ ಕಡಿಯಬಾರದೆಂದು ಜನ ಮರಗಳನ್ನು ಅಪ್ಪಿಕೊಂಡು ನಿಂತರು. ಬಿದ್ದದ್ದನ್ನೂ ಯಾರಾದರೂ ಅಪ್ಪಬೇಕು ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಅಧಿಕಾರಿ ಬರೆದುಕೊಂಡ ವರದಿಯನ್ನು ಅವರ ಹೆಗಲ ಮೇಲಿಂದ ಓದಿದೆ: ‘ಸದರಿ ಮರವು ಸ್ಥಳದಲ್ಲಿ ಇರುವುದು ಕಂಡುಬಂದಿರುತ್ತದೆ. ಆದರೆ ನಿಂತಿರುವುದು ಕಂಡುಬಂದಿರುವುದಿಲ್ಲ.’

ಬಿದ್ದದ್ದೇಕೆ ಎಂಬ ಕಾಲಂ ಎದುರು ‘ಗಾಳಿ’ ಎಂದು ಬರೆದರು. ಆ ಬುಡವನ್ನು ಬಗ್ಗಿ ನೋಡಿದ್ದರೆ ಸಾಕಿತ್ತು. ಒಂದು ಕಡೆಯ ಬೇರು ಕೇಬಲ್ಲಿಗೆ ಅಗೆದಾಗ ಹೋಗಿತ್ತು, ಇನ್ನೊಂದು ಕಡೆಯದು ಒಳಚರಂಡಿಗೆ ಜೆಸಿಬಿ ಬಂದಾಗ. ಉಳಿದದ್ದರ ಮೇಲೆ ಕುತ್ತಿಗೆವರೆಗೆ ಕಾಂಕ್ರೀಟು. ತಂತಿಗೆ ತಾಗುತ್ತದೆಂದು ವರ್ಷಾವರ್ಷ ಒಂದೇ ಮಗ್ಗುಲಿನ ಕೊಂಬೆ ಕಡಿದು, ಮರ ಒಂಟಿ ಕಾವಡಿಯ ಹಾಗೆ ವಾಲಿತ್ತು. ಮೇಷ್ಟ್ರ ಪ್ರಕಾರ ಇದ್ಯಾವುದೂ ಅಲ್ಲ. “ಮಡಗಾಸ್ಕರಿನಿಂದ ಬಂದ ಪರದೇಶಿ ಮರ, ಬೀಳದೆ ಇನ್ನೇನು?” ಲಾಲ್‌ಬಾಗಿನ ಕ್ರುಂಬಿಗಲ್ ಅನ್ನುವ ಜರ್ಮನ್ ತೋಟಗಾರ ಬೆಂಗಳೂರಿನ ಬೀದಿಗಳಲ್ಲಿ ಒಂದರ ಹಿಂದೆ ಒಂದು ಹೂ ಬಿಡುವ ಹಾಗೆ ಮರ ನೆಡಿಸಿದರೆಂದು, ಅದನ್ನು ನೋಡಿಯೇ ನಮ್ಮೂರಿಗೂ ತಂದೆವೆಂದು ಹಿಂದಿನ ಮೇ ತಿಂಗಳವರೆಗೂ ಭಾಷಣ ಮಾಡುತ್ತಿದ್ದವರು ಇವರೇ.

ಈ ನಡುವೆ ಎಲೆಯ ವ್ಯವಹಾರ ಬೇರೆಯೇ ನಡೆದಿತ್ತು. ಗುಲ್‌ಮೊಹರ್ ಎಲೆ ನಿಮಗೆ ಗೊತ್ತಲ್ಲ, ಜೀರಿಗೆಗಿಂತ ತುಸು ದೊಡ್ಡದು, ಪೊರಕೆಗೆ ಸಿಗದು, ಮೊರಕ್ಕೆ ಬಾರದು. ಬೆಳಿಗ್ಗೆ ಆರಕ್ಕೆ ಎದುರುಮನೆ ಆಂಟಿ ತಮ್ಮ ಬಾಗಿಲಿಗೆ ನೀರು ಹಾಕಿ, ರಂಗೋಲಿಗೆ ಎಷ್ಟು ಬೇಕೋ ಅಷ್ಟು ಜಾಗ ಗುಡಿಸಿ, ರಾಶಿಯನ್ನು ರಸ್ತೆಯ ನಟ್ಟನಡುವಿಗೆ ತಂದು ನಿಲ್ಲಿಸುತ್ತಾರೆ. ಆರೂಕಾಲಿಗೆ ಬಲಗಡೆ ಮನೆಯ ಕೆಲಸದಾಕೆ ಅದನ್ನು ಮೂಲೆಮನೆಯ ಕಡೆಗೆ ಎರಡು ಮಾರು ತಳ್ಳುತ್ತಾಳೆ. ಆರೂವರೆಗೆ ಮೇಷ್ಟ್ರ ಹೆಂಡತಿ ಅದನ್ನು ನಮ್ಮ ಗೇಟಿಗೆ ತಲುಪಿಸುತ್ತಾರೆ. ಯಾರೂ ಯಾರನ್ನೂ ಬೈಯುವುದಿಲ್ಲ. “ಕಾಫಿ ಆಯ್ತಾ?” “ಆಯ್ತು, ನಿಮ್ಮದು?” ಅನ್ನುತ್ತಲೇ ಪೊರಕೆ ಆಡುತ್ತದೆ. ನಾನೇನು ಮಾಡಿದೆ ಅಂತೀರಾ? ಕತ್ತಲಾದ ಮೇಲೆ ಗೋಣಿಚೀಲದಲ್ಲಿ ತುಂಬಿ ಪಕ್ಕದ ಖಾಲಿ ಸೈಟಿಗೆ ಸುರಿದೆ. ಅದರ ಯಜಮಾನರು ಅಮೆರಿಕದಲ್ಲಿದ್ದಾರೆ, ಅವರು ಪೊರಕೆ ಹಿಡಿಯುವಷ್ಟು ಹತ್ತಿರ ಯಾವತ್ತೂ ಬರುವುದಿಲ್ಲ.

ಕಸದ ಗಾಡಿಯವನನ್ನೂ ಕೇಳಿದ್ದೆ. ಮೊದಲ ದಿನ ಎಲೆ ಹಸಿರಾಗಿತ್ತು. “ಇದು ಹಸಿ ಕಸ ಅಲ್ಲ ಸಾರ್, ಅಡುಗೆಮನೇದು ಮಾತ್ರ ಹಸಿ ಕಸ” ಎಂದ. ಐದನೇ ದಿನಕ್ಕೆ ಒಣಗಿತು. “ಒಣ ಕಸ ಅಂದ್ರೆ ಪ್ಲಾಸ್ಟಿಕ್ಕು, ಪೇಪರ್ರು.” ಎಲೆಗೆ ಜಾತಿ ಪ್ರಮಾಣಪತ್ರ ಸಿಗಲೇ ಇಲ್ಲ. ರಾತ್ರಿ ಯಾರೋ ರಾಶಿಗೆ ಬೆಂಕಿ ಇಟ್ಟರು. ಹೊಗೆಯ ನಡುವೆ ಕೆಮ್ಮುತ್ತಾ ಹೊರಗೆ ಬಂದ ವಕೀಲರು, ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವೆಂದು 2016ರಲ್ಲೇ ಹಸಿರು ನ್ಯಾಯಮಂಡಳಿ ಹೇಳಿದೆ ಎಂದು ಕೂಗಿದರು. ಇದು ಚಿಕ್ಕದೋ ದೊಡ್ಡದೋ ಎಂಬ ಚರ್ಚೆ ಶುರುವಾಯಿತು. ಬೆಂಕಿ ತಾನೇ ಬೇಸತ್ತು ಆರಿತು.

ಆರನೇ ದಿನ ಇಟ್ಟಿಗೆ ಗೂಡಿನವನೊಬ್ಬ ಟೆಂಪೋ ನಿಲ್ಲಿಸಿ, ದಿಮ್ಮಿಗೆ ಮೂರು ಸಾವಿರ ಕೊಡುತ್ತೇನೆ ಎಂದ. ಎಂಥ ಮಂತ್ರವೋ ಅದು! ಮೂರೂ ಬಾಗಿಲು ತೆರೆದವು. ಬುಡ ನಮ್ಮ ಕಡೆ ಇದೆ ಎಂದರು ಒಬ್ಬರು. ತಲೆ ನಮ್ಮಲ್ಲಿದೆ, ತುಳಸಿಕಟ್ಟೆಯ ಅಂಚು ಬೇರೆ ಕಿತ್ತಿದೆ ಎಂದರು ಇನ್ನೊಬ್ಬರು. ಮೇಷ್ಟ್ರು ಹಜಾರದ ಫೋಟೋವನ್ನೇ ಗೋಡೆಯಿಂದ ಇಳಿಸಿ ತಂದರು. ಟೆಂಪೋದವನು ಅರ್ಧ ಗಂಟೆ ಕೇಳಿ, ಬೀಡಿ ಆರಿಸಿ, ಗಾಡಿ ತಿರುಗಿಸಿಕೊಂಡು ಹೋದ. ಸಂಜೆಗೆ ಮರ ಮತ್ತೆ ಸರ್ಕಾರದ್ದಾಯಿತು.

ಕೊನೆಗೆ ಅದನ್ನು ಎತ್ತಿಸಿದ್ದು ಕಾನೂನೂ ಅಲ್ಲ, ದುಡ್ಡೂ ಅಲ್ಲ. ಏಳನೇ ದಿನ ಎಲ್ಲರ ಸಂಪೂ ಒಣಗಿತು. ನೀರಿನ ಟ್ಯಾಂಕರಿನವನು ಬೀದಿಯ ಬಾಯಲ್ಲೇ ನಿಂತು, ಮರ ದಾಟಿ ಪೈಪು ಎಳೆಯೋದಿಲ್ಲ ಎಂದುಬಿಟ್ಟ. ಕೂಡಲೇ ಮನೆಗೆ ಇನ್ನೂರೈವತ್ತರ ಹಾಗೆ ದುಡ್ಡು ಕೂಡಿತು, ಯಂತ್ರದ ಗರಗಸ ಹಿಡಿದ ಇಬ್ಬರು ಹುಡುಗರು ಬಂದರು, ನಲವತ್ತು ನಿಮಿಷಕ್ಕೆ ರಸ್ತೆ ಬಿಡುಗಡೆಯಾಯಿತು. ಕರೆಂಟಿನವರೂ ಹೇಗೋ ಅದೇ ಹೊತ್ತಿಗೆ ಬಂದಿದ್ದರು. ತುಂಡುಗಳು ಎಲ್ಲಿಗೆ ಹೋದವು ಎಂದು ನೀವು ಕೇಳಬಾರದು, ನಾನು ಹೇಳಬಾರದು. ಅಮೆರಿಕದವರ ಸೈಟು ದೊಡ್ಡದಿದೆ.

ಜೂನ್ 5ರಂದು ಪರಿಸರ ದಿನ. ಅದೇ ಗುಂಡಿ, ಒಂದು ಸಸಿ, ಹಿಡಿಯಲು ಹನ್ನೊಂದು ಕೈ. ಮಣ್ಣು ಮುಚ್ಚುವ ಮುಂಚೆ ಬಲಗಡೆ ಮನೆ ಸಾರ್, “ಗೇಟಿಗೆ ಅಡ್ಡ ಆಗುತ್ತೆ, ಒಂದು ಚೂರು ಆಚೆ” ಎಂದರು. ಆಚೆ ಆಯಿತು. ಎಲೆ ಉದುರುತ್ತದೆ ಎಂದು ಆಂಟಿ ಇನ್ನೊಂದು ಚೂರು ಆ ಕಡೆಗೆ ತಳ್ಳಿಸಿದರು. ಮೇಷ್ಟ್ರ ಸ್ಕೂಟರಿಗಾಗಿ ಇನ್ನೊಂದು ಮಾರು. ಹೀಗೆ ಸರಿಯುತ್ತಾ ಸರಿಯುತ್ತಾ ಸಸಿ ಸರಿಯಾಗಿ ಕರೆಂಟಿನ ತಂತಿಯ ಕೆಳಗೆ ಹೋಗಿ ನಿಂತಿತು. ಯಾವ ಗಿಡ ಎಂದು ತಂದವನನ್ನು ಕೇಳಿದೆ. ಗುಲ್‌ಮೊಹರ್ ಎಂದ.

ಮರುದಿನ ಬೆಳಿಗ್ಗೆ ಹಾಲು ತರಲು ಹೋಗುವಾಗ ನೋಡಿದೆ. ಸಸಿ ಒಂದು ಗೇಣು, ಅದರ ಸುತ್ತ ಕಬ್ಬಿಣದ ಜಾಲರಿ. ಜಾಲರಿಗೆ ಹಳೆಯ ‘ನೋ ಪಾರ್ಕಿಂಗ್’ ಬೋರ್ಡನ್ನು ತಂತಿಯಲ್ಲಿ ಬಿಗಿದು ಕಟ್ಟಿದ್ದರು, ನಾಲ್ಕು ಮೊಳೆಯ ತೂತೂ ಹಾಗೇ ಇತ್ತು.