ಕಾರ್ಬೊರೇಟರ್ ಮುಟ್ಟೋದು ಆಮೇಲೆ

ಹಳೇ ಗಾಡಿ ಇಟ್ಟುಕೊಂಡವರಿಗೆಲ್ಲ ಒಂದು ಮನವಿ. ಎಂಜಿನ್ ಕೈ ಕೊಟ್ಟ ತಕ್ಷಣ ಕಾರ್ಬೊರೇಟರ್, ಅಂದರೆ ಪೆಟ್ರೋಲ್-ಗಾಳಿ ಬೆರೆಸಿ ಎಂಜಿನ್‌ಗೆ ಕೊಡೋ ಭಾಗ, ಬಿಚ್ಚೋಕೆ ಕೂರಬೇಡಿ. ಪುಣೆ, ಮುಂಬೈ, ಹುಬ್ಬಳ್ಳಿ, ಎಲ್ಲಿ ಹೋದರೂ ಇದೇ ಕಥೆ. ಗಾಡಿ ಜರ್ಕ್ ಹೊಡೆದರೆ ಕಾರ್ಬೊರೇಟರ್. ಪಿಕಪ್ ಇಲ್ಲ, ಕಾರ್ಬೊರೇಟರ್. ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲ, ಅದಕ್ಕೂ ಅದೇ. ಪಾಪ, ಎಂಜಿನ್ ಮೇಲೆ ಕೈಗೆ ಸಿಗೋ ಜಾಗದಲ್ಲಿ ಕೂತಿದೆ, ಸ್ಕ್ರೂ ತಿರುಗಿಸಿದರೆ ಏನೋ ಒಂದು ಸದ್ದು ಬದಲಾಗುತ್ತೆ. ಹಾಗಾಗಿ ಎಲ್ಲರ ಸಿಟ್ಟೂ ಅದರ ಮೇಲೆ.

ನನ್ನದು ಪ್ರೀಮಿಯರ್ ಪದ್ಮಿನಿ. ಮುಂಬೈಯ ಕುರ್ಲಾ ಕಾರ್ಖಾನೆಯ ಕೂಸು. 1964ರಲ್ಲಿ ಫಿಯಟ್ 1100 ಡಿಲೈಟ್ ಅಂತ ಬಂದು, ಎಪ್ಪತ್ತರ ದಶಕದಲ್ಲಿ ಪದ್ಮಿನಿ ಅಂತ ಹೆಸರು ಬದಲಿಸಿಕೊಂಡ ಅದೇ ಗಾಡಿ. 1089 ಸಿಸಿ, ನಾಲ್ಕು ಸಿಲಿಂಡರ್, ಒಂದೇ ಒಂದು ಸೋಲೆಕ್ಸ್ ಕಾರ್ಬೊರೇಟರ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಶಕ್ತಿ ಅಂತ ಲೆಕ್ಕ ಹಾಕಿದರೆ ನಲವತ್ತು ಕುದುರೆಯ ಆಸುಪಾಸು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದಶಕಗಟ್ಟಲೆ ದುಡಿದು, 2023ರ ಅಕ್ಟೋಬರ್ ಕೊನೆಗೆ ಆ ಕೆಲಸದಿಂದ ಪೂರ್ತಿ ನಿವೃತ್ತಿ ತಗೊಂಡ ಗಾಡಿ. ಇಂಥದ್ದನ್ನ ಟ್ರ್ಯಾಕ್ ಡೇಗೆ (ನಮ್ಮ ಗಾಡಿಯನ್ನ ರೇಸ್ ಟ್ರ್ಯಾಕ್‌ನಲ್ಲಿ ಓಡಿಸೋ ದಿನಕ್ಕೆ) ಯಾಕೆ ಒಯ್ತೀಯಾ ಅಂತ ಕೇಳೋರು ತುಂಬಾ ಜನ. ಅವರಿಗೆ ನನ್ನ ಹತ್ರ ಉತ್ತರ ಇಲ್ಲ. ಕೊಲ್ಹಾಪುರದ ಕಡೆ ಟ್ರ್ಯಾಕ್‌ನಲ್ಲಿ ಹೊಸ ಹ್ಯಾಚ್‌ಬ್ಯಾಕ್‌ಗಳು ಹಾರ್ನ್ ಹೊಡೆಯದೆ ನನ್ನನ್ನ ದಾಟಿ ಹೋಗ್ತವೆ, ನಾನು ಕೈ ಬೀಸ್ತೀನಿ. ಖುಷಿ ಇದೆ, ಅಷ್ಟೇ.

ಆದರೆ ಟ್ರ್ಯಾಕ್‌ನಿಂದ ಒಂದು ಉಪಕಾರ ಆಗುತ್ತೆ. ಪುಣೆಯ ಲಕ್ಷ್ಮಿ ರೋಡಿನ ಟ್ರಾಫಿಕ್‌ನಲ್ಲಿ ಆಕ್ಸಿಲರೇಟರ್ ಕಾಲು ಭಾಗಕ್ಕಿಂತ ಜಾಸ್ತಿ ಒತ್ತೋ ಪ್ರಸಂಗವೇ ಬರಲ್ಲ. ಪೆಟ್ರೋಲ್ ಪಂಪ್ ಅರೆಬರೆ ಕೆಲಸ ಮಾಡಿದರೂ ನಡೆಯುತ್ತೆ, ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡೋ ಕಾಯಿಲ್ ಸುಸ್ತಾಗಿದ್ದರೂ ಗೊತ್ತಾಗಲ್ಲ. ಟ್ರ್ಯಾಕ್‌ನಲ್ಲಿ ಹಾಗಲ್ಲ. ಪೂರ್ತಿ ಒತ್ತು, ಬ್ರೇಕ್ ಹಾಕು, ತಿರುಗಿಸು, ಮತ್ತೆ ಪೂರ್ತಿ ಒತ್ತು. ಊರಲ್ಲಿ ಬಚ್ಚಿಟ್ಟುಕೊಂಡಿದ್ದ ಕಾಯಿಲೆಗಳೆಲ್ಲ ಹತ್ತು ನಿಮಿಷದಲ್ಲಿ ಈಚೆ ಬರ್ತವೆ. ಟ್ರ್ಯಾಕ್‌ಗೆ ಹೋಗಿ ಗಾಡಿ ಕೆಡಿಸಿಕೊಂಡ ಅಂತ ಜನ ಆಡಿಕೊಳ್ತಾರಲ್ಲ, ಬಹಳಷ್ಟು ಸಲ ಅದು ಮೊದಲೇ ಕೆಟ್ಟಿರುತ್ತೆ.

ನನ್ನ ಗಾಡಿಯದ್ದೇ ಹೇಳ್ತೀನಿ. ಮೊದಲ ಕೆಲವು ಸುತ್ತು ಚೆನ್ನಾಗೇ ಓಡುತ್ತಿತ್ತು. ಆಮೇಲೆ ನೇರ ದಾರಿಯ ತುದಿಗೆ ಬರುವಷ್ಟರಲ್ಲಿ ಮುಗ್ಗರಿಸೋದು, ಉಸಿರು ಕಟ್ಟಿದ ಹಾಗೆ ನಿಧಾನ ಆಗೋದು. ಪಿಟ್‌ಗೆ ತಂದು ಸ್ವಲ್ಪ ಹೊತ್ತು ನಿಲ್ಲಿಸಿದರೆ ಏನೂ ಆಗಿಲ್ಲ ಅನ್ನೋ ಹಾಗೆ ಮತ್ತೆ ಸ್ಟಾರ್ಟ್. ಪುಣೆಯ ಒಂದು ದೊಡ್ಡ ಗ್ಯಾರೇಜಿಗೆ ಬಿಟ್ಟು ನಾನು ಧಾರವಾಡಕ್ಕೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಕಾರ್ಬೊರೇಟರ್ ಕಿಟ್, ಎ.ಸಿ. ಪಂಪ್ (ಪೆಟ್ರೋಲ್ ಎಳೆಯೋ ಪಂಪ್), ಕಾಯಿಲ್, ಪ್ಲಗ್, ಪ್ಲಗ್ ವೈರ್, ಎಲ್ಲಾ ಹೊಸದು. ಬಿಲ್ಲು ಎರಡು ಪುಟ. ತೊಂದರೆ ಮಾತ್ರ ಹಳೆಯದೇ, ಒಂದಿಷ್ಟೂ ಕದಲಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಇನ್ನೊಂದು ಫಜೀತಿ: ಅಕಸ್ಮಾತ್ ಸರಿ ಹೋದರೂ ಯಾವುದರಿಂದ ಸರಿ ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಹೊಸ ಕಂಡೆನ್ಸರ್ (ಕಿಡಿ ಸರಿಯಾಗಿ ಬರೋಕೆ ಬೇಕಾದ ಸಣ್ಣ ಭಾಗ) ಹಳೆಯದಕ್ಕಿಂತ ಕಳಪೆ ಇದ್ದರಂತೂ ಒಂದು ರೋಗದ ಜೊತೆ ಇನ್ನೊಂದು.

ಪುಣೆ ಪಕ್ಕದ ಭೋಸರಿಯಲ್ಲಿ ನನಗೆ ಗೊತ್ತಿರೋ ಮಿಸ್ತ್ರಿ ಒಬ್ಬರಿದ್ದಾರೆ. ಚಿಕ್ಕೋಡಿ ಕಡೆಯವರು, ವಯಸ್ಸಿನಲ್ಲಿ ಕುರ್ಲಾದಲ್ಲಿ ಟ್ಯಾಕ್ಸಿ ರಿಪೇರಿ ಮಾಡಿದವರು. ಎಲ್ಲರಿಗೂ ಅವರು ಕಾಕಾ. ಊರಿಗೆ ಹೊರಟಿದ್ದರು, ಕೊಲ್ಹಾಪುರ ದಾರಿಯಲ್ಲೇ ಸಿಗುತ್ತಲ್ಲ, ಕೂರಿಸಿಕೊಂಡು ಹೋದೆ. ಟ್ರ್ಯಾಕ್‌ನಲ್ಲಿ ಗಾಡಿ ಮತ್ತೆ ಮುಗ್ಗರಿಸಿ ನಿಂತಾಗ ಅವರು ಬಾನೆಟ್ ಕಡೆ ನೋಡಲೇ ಇಲ್ಲ.

"ಹೆಂಗ್ ಬಂದ್ ಬಿತ್ತ್ರಿ ಸರ? ಸ್ವಿಚ್ ಆರಿಸಿದಂಗೋ, ಇಲ್ಲಾ ಜೀವಾ ಹೋದಂಗೋ?"

"ಮೆಲ್ಲಗೆ ಸೋತು ಹೋಯ್ತು ಕಾಕಾ."

"ಆರ್‌ಪಿಎಂ ಕಾಂಟಾ?"

ಕಾಂಟಾ ಅಂದರೆ ಟ್ಯಾಕೋಮೀಟರ್ ಮುಳ್ಳು, ಎಂಜಿನ್ ಎಷ್ಟು ವೇಗದಲ್ಲಿ ತಿರುಗ್ತಿದೆ ಅಂತ ತೋರಿಸೋದು. ಅದನ್ನ ನಾನು ಆಮೇಲೆ ಹಾಕಿಸಿದ್ದು, ಕಾಯಿಲ್‌ನಿಂದ ಸಿಗ್ನಲ್ ತಗೊಳ್ಳುತ್ತೆ. ಗೇರ್‌ನಲ್ಲಿ ಗಾಡಿ ಇನ್ನೂ ಉರುಳ್ತಿರುವಾಗ ಆ ಮುಳ್ಳು ಧಪ್ ಅಂತ ಸೊನ್ನೆಗೆ ಬಿದ್ದರೆ ಕರೆಂಟ್ ಹೋಗಿದೆ ಅಂತ: ಪಾಯಿಂಟ್ (ಕಾಯಿಲ್‌ನ ಕರೆಂಟನ್ನ ಬಿಟ್ಟು ಹಿಡಿಯೋ ಸಣ್ಣ ಸ್ವಿಚ್ಚು), ಕಾಯಿಲ್‌ನ ವೈರು, ಇಗ್ನಿಷನ್ ಸ್ವಿಚ್ ಆ ಕಡೆ ಹುಡುಕಬೇಕು. ಮುಳ್ಳು ಎಂಜಿನ್ ಜೊತೆಗೇ ನಿಧಾನವಾಗಿ ಇಳಿದರೆ ಪಾಯಿಂಟ್ ಕಡೆ ಕೆಲಸ ನಡೀತಿದೆ, ಪೆಟ್ರೋಲ್ ಕಡೆ ನೋಡಬಹುದು. ನನ್ನದು ನಿಧಾನವಾಗಿ ಇಳಿದಿತ್ತು.

"ಹಂಗಾರ ಪೆಟ್ರೋಲ್ ಬರವಲ್ದು," ಅಂದರು. ಏರ್ ಫಿಲ್ಟರ್ ಮುಚ್ಚಳ ತೆಗೆಸಿದರು. ಎಂಜಿನ್ ಬಂದ್ ಇರುವಾಗಲೇ ಕೈಯಿಂದ ಆಕ್ಸಿಲರೇಟರ್ ಲಿಂಕ್ ಎಳೆದು ಕಾರ್ಬೊರೇಟರ್ ಗಂಟಲಿನ ಒಳಗೆ ಟಾರ್ಚ್ ಬಿಟ್ಟರು. ಸರಿ ಇದ್ದರೆ ಆಕ್ಸಿಲರೇಟರ್ ಪಂಪ್‌ನಿಂದ ಪೆಟ್ರೋಲ್ ಸಣ್ಣ ಎಳೆಯಾಗಿ ಚಿಮ್ಮಬೇಕು. ಒಂದು ಹನಿಯೂ ಇಲ್ಲ, ಪುಸ್ ಅಂತ ಗಾಳಿ ಅಷ್ಟೇ. ಅಂದರೆ ಫ್ಲೋಟ್ ಬಟ್ಟಲು, ಕಾರ್ಬೊರೇಟರ್ ಒಳಗೆ ಪೆಟ್ರೋಲ್ ನಿಲ್ಲೋ ಜಾಗ, ಖಾಲಿ. ಕಾರ್ಬೊರೇಟರ್ ತಪ್ಪಲ್ಲ, ಅದಕ್ಕೇ ಊಟ ಬಂದಿಲ್ಲ. ಕಾಕಾ ನೇರ ಹಿಂದಕ್ಕೆ ನಡೆದು ಟ್ಯಾಂಕ್ ಮುಚ್ಚಳ ತಿರುಗಿಸಿದರು. ಹಿಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ನನಗೂ ಕೇಳಿಸಿತು.

ಟ್ಯಾಂಕಿಗೆ ಗಾಳಿ ಹೋಗುವ ದಾರಿ, ಹಿಂದೆ ಯಾವಾಗಲೋ ಕೆಳಗೆ ಅಂಡರ್‌ಕೋಟ್ ಹೊಡೆದಾಗ, ಅರ್ಧ ಮುಚ್ಚಿಹೋಗಿತ್ತು. ಪೆಟ್ರೋಲ್ ಈಚೆ ಹೋದಷ್ಟು ಗಾಳಿ ಒಳಗೆ ಬರಬೇಕಲ್ವಾ? ಊರಲ್ಲಿ ನಿಧಾನ ಓಡಿಸುವಾಗ ಆ ಸಣ್ಣ ಸಂದಿ ಸಾಕಾಗುತ್ತಿತ್ತು. ಟ್ರ್ಯಾಕ್‌ನಲ್ಲಿ ಪೂರ್ತಿ ಒತ್ತಿದಾಗ ಟ್ಯಾಂಕ್ ಒಳಗೆ ನಿರ್ವಾತ ಆಗಿ ಪಂಪ್ ಎಳೆಯಲಾಗದೆ ಸೋಲುತ್ತಿತ್ತು. ನಿಲ್ಲಿಸಿದರೆ ಮೆಲ್ಲಗೆ ಗಾಳಿ ಸೇರಿ ಮತ್ತೆ ಸರಿ. ಒಂದು ತಂತಿ ಚುಚ್ಚಿ ತೆಗೆದದ್ದೇ ರಿಪೇರಿ. ಎರಡು ಪುಟದ ಬಿಲ್ಲಿಗೆ ಆಗದ್ದು.

ನಾನು ಹೇಳಬೇಕಾದದ್ದು ಇಷ್ಟೇ. ಏನು ಕೆಟ್ಟಿದೆ ಅಂತ ಕೇಳೋ ಮೊದಲು ಯಾವಾಗ ಕೆಡುತ್ತೆ ಅಂತ ಕೇಳಿ. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ನೇರ ದಾರಿಯಲ್ಲೋ ತಿರುವಿನಲ್ಲೋ? ಎಡ ತಿರುವಿನಲ್ಲಿ ಮಾತ್ರ ಮಿಸ್ಸಿಂಗ್ ಹೊಡೆದು ಬಲಕ್ಕೆ ಸರಿ ಇದ್ದರೆ, ಫ್ಲೋಟ್ ಬಟ್ಟಲಿನ ಪೆಟ್ರೋಲ್ ಒಂದು ಪಕ್ಕಕ್ಕೆ ವಾಲಿ ಜೆಟ್ (ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತು) ಬರಿದಾಗುತ್ತಿದೆಯಾ ಅಂತ ನೋಡಬೇಕು, ಫ್ಲೋಟ್ ಮಟ್ಟ ಅಳೆಯಬೇಕು. ಅಲ್ಲಿ ಕಾರ್ಬೊರೇಟರ್ ಬಿಚ್ಚೋದು ನ್ಯಾಯ. ಜೋರು ಬ್ರೇಕ್ ಹಾಕಿದಾಗ ಬಂದ್ ಬಿದ್ದರೆ ಅಲ್ಲೂ ಅನುಮಾನ ಅದೇ ಬಟ್ಟಲಿನ ಮೇಲೆ. ನಿಂತಲ್ಲೇ ಐಡಲ್ ಏರುಪೇರಾಗಿ, ವೇಗ ಹೆಚ್ಚಿದಂತೆ ಸರಿ ಹೋದರೆ ಎಲ್ಲೋ ಗಾಳಿ ಸೋರುತ್ತಿರಬಹುದು, ಕಾರ್ಬೊರೇಟರ್ ಕೆಳಗಿನ ಪ್ಯಾಕಿಂಗ್ ನೋಡಿ. ಪೂರ್ತಿ ಒತ್ತಿದಾಗ ಮಾತ್ರ, ಅದೂ ಬಿಸಿಯಾದ ಮೇಲೆ ಮಾತ್ರ, ಪಟಪಟ ಅಂದರೆ ಕಂಡೆನ್ಸರ್, ಕಾಯಿಲ್ ಕಡೆ ಹೋಗಿ.

ಇದನ್ನೆಲ್ಲ ಬರೆದಿಡಿ. ಪಿಟ್‌ನಲ್ಲಿ ಬಿಸಿಲು, ಗದ್ದಲ, ಪಕ್ಕದವನ ಸಲಹೆ. ಅರ್ಧ ಗಂಟೆ ಹಿಂದೆ ಏನು ಬದಲಾಯಿಸಿದ್ದು ಅಂತ ನೆನಪಿರಲ್ಲ. ಒಂದು ಸಲಕ್ಕೆ ಒಂದೇ ವಸ್ತು ಮುಟ್ಟಿ, ಓಡಿಸಿ ನೋಡಿ, ಬರೆಯಿರಿ.

ಕರೆಂಟಿನ ವಿಷಯಕ್ಕೆ ಇನ್ನೂ ಸ್ವಲ್ಪ. ಡೆಲ್ಕೊ, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್, ಅದರ ಮುಚ್ಚಳ ತೆಗೆದು ರೋಟರ್ ಹಿಡಿದು ಅಲ್ಲಾಡಿಸಿ. ಶಾಫ್ಟ್ ಪಕ್ಕಕ್ಕೆ ಗಡಗಡ ಅಂದರೆ ಪಾಯಿಂಟ್ ಗ್ಯಾಪ್ ಎಷ್ಟು ಸಲ ಹಿಡಿದರೂ ಪ್ರಯೋಜನ ಇಲ್ಲ. ಆ ಗ್ಯಾಪ್ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಕಮ್ಮಿ ಇರಬೇಕು. ಶಾಫ್ಟೇ ಕುಣಿಯುತ್ತಿದ್ದರೆ ಒಂದೊಂದು ಸಿಲಿಂಡರಿಗೆ ಒಂದೊಂದು ಅಳತೆ. ಒಳಗೆ ತಟ್ಟೆಯ ಕೆಳಗೆ ಎರಡು ಸಣ್ಣ ತೂಕ, ಎರಡು ಸ್ಪ್ರಿಂಗ್ ಇರ್ತವೆ. ಎಂಜಿನ್ ವೇಗ ಏರಿದ ಹಾಗೆ ತೂಕಗಳು ಹೊರಗೆ ಹರಡಿ ಟೈಮಿಂಗ್ (ಕಿಡಿ ಬೀಳೋ ಸಮಯ) ಮುಂದೆ ತರ್ತವೆ. ಅವು ತುಕ್ಕು ಹಿಡಿದು ಅಂಟಿಕೊಂಡರೆ ಮೇಲಿನ ವೇಗದಲ್ಲಿ ಗಾಡಿ ಮಂಕಾಗುತ್ತೆ, ಬಿಸಿ ಜಾಸ್ತಿ ಆಗುತ್ತೆ. ಸ್ಪ್ರಿಂಗ್ ಸಡಿಲಾದರೆ ಟೈಮಿಂಗ್ ಬೇಗ ಮುಂದೆ ಓಡಿ ನಾಕಿಂಗ್, ಎಂಜಿನ್ ಒಳಗೆ ಟಕಟಕ ಬಡಿತ. ಐಡಲ್‌ನಲ್ಲಿ ಟೈಮಿಂಗ್ ಹಿಡಿದು "ಓಕೆ" ಅನ್ನೋ ಮಿಸ್ತ್ರಿಗಳು ಈ ತೂಕಗಳನ್ನ ನೋಡೋದೇ ಇಲ್ಲ. ಟೈಮಿಂಗ್ ಲೈಟ್ ಹಿಡಿದು, ಎಂಜಿನ್ ವೇಗ ಏರಿಸಿ, ಪುಲ್ಲಿ ಮೇಲಿನ ಗುರುತು ಸರಾಗವಾಗಿ ಸರಿಯುತ್ತಾ ಅಂತ ನೋಡಬೇಕು. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕ್ಲಾ ಅಂತ ಕೇಳ್ತಾರೆ. ಹಾಕಿ, ನನಗೇನೂ ತಕರಾರಿಲ್ಲ. ಹಳೇ ಪಾಯಿಂಟ್ ತಟ್ಟೆ ಮಾತ್ರ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ. ಅಂಟಿದ ತೂಕ, ಸಡಿಲ ಸ್ಪ್ರಿಂಗು ಹೊಸ ಕಿಟ್ ಹಾಕಿದರೂ ಹಾಗೇ ಇರ್ತವೆ ಅನ್ನೋದೂ ನೆನಪಿರಲಿ.

ಇನ್ನು ಈಗಿನ ಪೆಟ್ರೋಲ್. 2023ರಲ್ಲಿ ಕೆಲವು ಬಂಕ್‌ಗಳಲ್ಲಿ ಶುರುವಾದ ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್ ಈಗ ಎಲ್ಲೆಲ್ಲೂ ಇದೆ. ರಾಜಕೀಯ ಬೇಡ, ಎಂಜಿನ್ ಲೆಕ್ಕ ಮಾತ್ರ ಮಾತಾಡೋಣ. ಬರೀ ಪೆಟ್ರೋಲ್ ಒಂದು ಕೆಜಿ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕು. ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಹೊಸ ಗಾಡಿಯಲ್ಲಿ ಸೆನ್ಸರ್ ಇದೆ, ತಾನೇ ಸರಿದೂಗಿಸಿಕೊಳ್ಳುತ್ತೆ. ಸೋಲೆಕ್ಸ್‌ಗೆ ಏನು ಗೊತ್ತು? ಅದು ಹಳೇ ಅಳತೆಯಲ್ಲೇ ಬಿಡುತ್ತೆ, ಎಂಜಿನ್‌ಗೆ ಪೆಟ್ರೋಲ್ ಕಮ್ಮಿ ಬೀಳುತ್ತೆ. ಊರಲ್ಲಿ ಸಣ್ಣ ತಡವರಿಕೆ ಅಷ್ಟೇ, ಟ್ರ್ಯಾಕ್‌ನಲ್ಲಿ ಪೂರ್ತಿ ಒತ್ತಿ ಓಡಿಸಿದರೆ ಪಿಸ್ಟನ್, ವಾಲ್ವ್ ಸುಡೋ ಬಿಸಿ. ಮೇನ್ ಜೆಟ್ ಒಂದು ಮೆಟ್ಟಿಲು ದೊಡ್ಡದು ಹಾಕಿ ನೋಡಬೇಕು. ಸೋಲೆಕ್ಸ್ ಜೆಟ್ ಮೇಲಿನ ನಂಬರು ತೂತಿನ ಅಳತೆಯೇ, 120 ಅಂದರೆ ಸುಮಾರು 1.20 ಮಿಲಿಮೀಟರ್. ಹಾಕಿ, ಪೂರ್ತಿ ಒತ್ತಿ ಓಡಿಸಿ, ಅಲ್ಲೇ ಕ್ಲಚ್ ಒತ್ತಿ ಇಗ್ನಿಷನ್ ಆರಿಸಿ, ಉರುಳಿಸಿಕೊಂಡು ಬಂದು ಪ್ಲಗ್ ಬಿಚ್ಚಿ ನೋಡಿ. ಬಿಳಿ ಬಿಳಿ ಇದ್ದರೆ ಇನ್ನೂ ಕಮ್ಮಿ, ಮಸಿ ಹಿಡಿದಿದ್ದರೆ ಜಾಸ್ತಿ. ಟ್ರ್ಯಾಕ್ ಖಾಲಿ ಇರುವಾಗ, ಹಿಂದೆ ಯಾರೂ ಇಲ್ಲದಾಗ ಮಾಡಿ. ಸ್ಟೇರಿಂಗ್ ಲಾಕ್ ಇರೋ ಗಾಡಿಯಾದರೆ ಕೀ ಈಚೆ ತೆಗೆಯಬೇಡಿ, ದೇವರಾಣೆ.

ಎಥನಾಲ್ ಇನ್ನೊಂದು ಕೆಲಸ ಮಾಡುತ್ತೆ. ಟ್ಯಾಂಕ್ ತಳದಲ್ಲಿ ವರ್ಷಗಟ್ಟಲೆ ಕೂತ ಅಂಟು, ಕೊಳೆ ಎಲ್ಲ ಸಡಿಲಿಸಿ ಫಿಲ್ಟರಿಗೆ ಕಳಿಸುತ್ತೆ. ಹಳೇ ರಬ್ಬರ್ ಪೈಪ್ ಒಳಗಿಂದ ಉಬ್ಬುತ್ತೆ, ಹೊರಗೆ ಚೆನ್ನಾಗೇ ಕಾಣುತ್ತೆ. ಪೈಪ್ ಎಲ್ಲ ಬದಲಾಯಿಸಿ, ಇದಕ್ಕೆ ಯಾವ ಪರೀಕ್ಷೆಯೂ ಬೇಡ. ಬಿಸಿಲಲ್ಲಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಗಾಡಿ ನಿಲ್ಲೋದೂ ಉಂಟು. ಹಿಂದೆ ಖಂಡಾಲಾ ಘಾಟ್‌ನಲ್ಲಿ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಹತ್ತುತ್ತಿದ್ದದ್ದು ಇದಕ್ಕೇ. ಅದು ಇವತ್ತಿಗೂ ಒಳ್ಳೇ ಪರೀಕ್ಷೆ: ಒದ್ದೆ ಬಟ್ಟೆ ಹಾಕಿದ ಮೇಲೆ ಗಾಡಿ ಬೇಗ ಚೇತರಿಸಿಕೊಂಡರೆ ರೋಗ ಗೊತ್ತಾಯ್ತು. ಪೈಪ್ ಸೈಲೆನ್ಸರ್ ಕಡೆಯಿಂದ ದೂರ ಸರಿಸಿ.

ಟ್ಯಾಪೆಟ್, ಅಂದರೆ ವಾಲ್ವ್ ಒತ್ತೋ ಭಾಗ, ಅದರ ಬಗ್ಗೆ ಯಾರೂ ಮಾತಾಡಲ್ಲ. 2000ದ ಫೆಬ್ರವರಿಯಿಂದ ನಮ್ಮಲ್ಲಿ ಸೀಸ ಇಲ್ಲದ ಪೆಟ್ರೋಲ್. ಸೀಸ ಇದ್ದಾಗ ವಾಲ್ವ್ ಸೀಟಿಗೆ ಒಂದು ರಕ್ಷಣೆ ಇತ್ತು. ಹಳೇ ಮೆತ್ತಗಿನ ಸೀಟು ಜೋರು ಓಟದಲ್ಲಿ ಸವೆದು ವಾಲ್ವ್ ಒಳಗೆ ಕೂರ್ತಾ ಹೋಗುತ್ತೆ, ಟ್ಯಾಪೆಟ್ ಗ್ಯಾಪ್ ಕಮ್ಮಿಯಾಗುತ್ತೆ. ಸದ್ದೂ ಕಮ್ಮಿಯಾಗುತ್ತೆ! ಎಂಜಿನ್ ಸೈಲೆಂಟ್ ಆಗಿದೆ ಅಂತ ಖುಷಿಪಟ್ಟರೆ ಕೆಟ್ಟಿರಿ. ಪ್ರತಿ ಟ್ರ್ಯಾಕ್ ಡೇ ಆದ ಮೇಲೆ ಫೀಲರ್ ಗೇಜ್ ಹಾಕಿ ನೋಡಿ. ಒಂದು ಸಿಲಿಂಡರಿನ ಕಂಪ್ರೆಷನ್ (ಒಳಗಿನ ಒತ್ತಡ) ಕಮ್ಮಿ ಬಂದರೆ ಒಂದು ಚಮಚ ಎಂಜಿನ್ ಆಯಿಲ್ ಪ್ಲಗ್ ತೂತಿನಲ್ಲಿ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗು, ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡೂ ಕಮ್ಮಿ ಇದ್ದರೆ ಹೆಡ್ ಗ್ಯಾಸ್ಕೆಟ್. ಅಲ್ಯೂಮಿನಿಯಂ ಹೆಡ್, ಬೀಡುಕಬ್ಬಿಣದ ಬ್ಲಾಕ್, ಒಮ್ಮೆ ಅತಿಯಾಗಿ ಬಿಸಿಯಾದರೆ ಹೆಡ್ ಸೊಟ್ಟ ಆಗೋದು ಮಾಮೂಲು.

ಆಯಿಲ್ ಲೈಟ್ ಉದ್ದದ ತಿರುವಿನಲ್ಲಿ ಮಿಣುಕಿದರೆ ಯೋಚನೆ ಮಾಡಬೇಡಿ, ಕಾಲು ತೆಗೆಯಿರಿ. ಆಯಿಲ್ ಒಂದು ಪಕ್ಕಕ್ಕೆ ಹೋಗಿ ಪಂಪ್ ಗಾಳಿ ಎಳೀತಿದೆ ಅಂತ ಅರ್ಥ, ಬೇರಿಂಗ್ ಹೋಗೋಕೆ ತುಂಬಾ ಹೊತ್ತು ಬೇಡ. ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಒಳಗೆ ತಡೆ ತಗಡು ಹಾಕಿಸೋದೇ ದಾರಿ. ಹೊಸ ಸೀಟು, ಸ್ಟಿಕರ್, ದೊಡ್ಡ ಸೈಲೆನ್ಸರಿಗೆ ದುಡ್ಡು ಹಾಕೋರು ಈ ತಗಡಿಗೆ ಹಾಕಲ್ಲ, ಯಾಕಂದರೆ ಇದು ಫೋಟೋದಲ್ಲಿ ಕಾಣಲ್ಲ.

ಎರಡು ಕಾರ್ಬೊರೇಟರ್ ಹಾಕು, ಬೇರೆ ಎಂಜಿನ್ನೇ ಕೂರಿಸು ಅಂತ ಕಾಮೆಂಟ್ ಬರ್ತವೆ, ಗೊತ್ತು. ಇರೋ ಒಂದನ್ನೇ ಸರಿಯಾಗಿ ಉಣಿಸೋಕೆ ಬರದವನಿಗೆ ಎರಡು ಯಾಕೆ ಸ್ವಾಮಿ? ಮೊದಲು ಕಂಪ್ರೆಷನ್, ಆಮೇಲೆ ಟ್ಯಾಪೆಟ್, ಆಮೇಲೆ ಕರೆಂಟ್, ಟೈಮಿಂಗ್, ಪೆಟ್ರೋಲ್ ಬರೋ ದಾರಿ. ಇಷ್ಟೂ ಸರಿ ಇದ್ದ ಮೇಲೆ ಕಾರ್ಬೊರೇಟರ್.

ಅಂದ ಹಾಗೆ, ನನ್ನ ಡೆಲ್ಕೊದ ಒಂದು ಸ್ಪ್ರಿಂಗ್ ಸಡಿಲಾಗಿದೆ. ಮೇಲಿನ ವೇಗದಲ್ಲಿ ಸಣ್ಣ ನಾಕಿಂಗ್ ಬರ್ತಿದೆ. ಕುರ್ಲಾ ಸಿಎಸ್‌ಟಿ ರೋಡಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಕೇಳಿದೆ, ಇಡೀ ಡೆಲ್ಕೊ ತಗೋ ಅಂತಾರೆ, ಒಳಗೆ ನೋಡಿದರೆ ಅದೂ ಕುಣೀತಿರುತ್ತೆ. ಯಾರ ಹತ್ರಾದ್ರೂ ಪದ್ಮಿನಿಯ ಹಳೇ ಡೆಲ್ಕೊ ಮೂಲೆಯಲ್ಲಿ ಬಿದ್ದಿದ್ದರೆ ಇನ್‌ಬಾಕ್ಸ್ ಮಾಡಿ. ಮುಚ್ಚಳ ಒಡೆದಿದ್ದರೂ ಪರವಾಗಿಲ್ಲ, ಸ್ಪ್ರಿಂಗ್ ಎರಡೂ ಜೊತೆಗಿರಲಿ. ಪುಣೆಯಿಂದ ಬೆಳಗಾವಿವರೆಗೆ ಎಲ್ಲಿದ್ದರೂ ನಾನೇ ಬಂದು ಒಯ್ತೀನಿ.