ಗ್ಯಾಲ್ವೆಸ್ಟನ್ ಪಾಚಿ ಮತ್ತು ಗಾಜಿನ ಉಪ್ಪಿನಕಾಯಿ ಬಾಟ್ಲಿ

ಹ್ಯೂಸ್ಟನ್ ಕಡೆಯ ಕನ್ನಡಿಗರ ಮನೆಗೆ ಊರಿಂದ ಅಪ್ಪ-ಅಮ್ಮ ಬಂದರೆ ಮೊದಲ ಶನಿವಾರ ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನ, ಎರಡನೆಯ ಶನಿವಾರ ನಾಸಾ, ಮೂರನೆಯದು ಗ್ಯಾಲ್ವೆಸ್ಟನ್ ಬೀಚ್. ಮೊದಲೆರಡರ ಬಗ್ಗೆ ಯಾರ ತಕರಾರೂ ಇರುವುದಿಲ್ಲ. ಮೂರನೆಯದಕ್ಕೆ 50 ಮೈಲಿ ಕಾರು ಓಡಿಸಿ ಇಳಿದು, ಕಂದು ಬಣ್ಣದ ನೀರು ನೋಡಿದ ತಕ್ಷಣ "ಇದಕ್ಕಿಂತ ನಮ್ಮ ಮರವಂತೆ ವಾಸಿ" ಎಂಬ ತೀರ್ಪು ಬರುತ್ತದೆ. ಮೇಲ್ಮನವಿಗೆ ಅವಕಾಶವಿಲ್ಲ. ಮಿಸಿಸಿಪ್ಪಿಯಂಥ ನದಿಗಳು ತಂದು ಸುರಿಯುವ ಹೂಳು ಆ ಬಣ್ಣಕ್ಕೆ ಕಾರಣ ಅಂತ ವಿವರಿಸಬಹುದು. ಆದರೆ ಅಷ್ಟರಲ್ಲಿ ಅವರ ಕಣ್ಣು ದಡದ ಪಾಚಿಯ ಮೇಲೆ ಬಿದ್ದಿರುತ್ತದೆ.

ಈ ಪಾಚಿಯ ಹೆಸರು ಸರ್ಗಾಸಮ್. ಬಂಡೆಗೆ ಅಂಟಿಕೊಂಡು ಬೆಳೆಯುವ ಜಾತಿಯಲ್ಲ. ಹುಟ್ಟಿನಿಂದ ಸಾಯುವವರೆಗೂ ತೇಲುತ್ತಲೇ ಇರುತ್ತದೆ. ಎಲೆಗಳ ನಡುವೆ ಬಟಾಣಿಗಿಂತ ಚಿಕ್ಕ ಗಾಳಿಗುಳ್ಳೆಗಳಿದ್ದು, ಅವುಗಳ ಮೇಲೆಯೇ ಅದರ ಸಂಸಾರ ನಿಂತಿದೆ. ವಸಂತದಿಂದ ಬೇಸಿಗೆಯವರೆಗೆ, ಅಂದರೆ ಸರಿಯಾಗಿ ಅಪ್ಪ-ಅಮ್ಮನ ವೀಸಾ ಸೀಸನ್ನಿನಲ್ಲೇ, ಗಾಳಿ ಅದನ್ನು ಟೆಕ್ಸಸ್ ದಡಕ್ಕೆ ತಳ್ಳುತ್ತದೆ. 2014ರಲ್ಲಂತೂ ಗ್ಯಾಲ್ವೆಸ್ಟನ್ನಿನಲ್ಲಿ ಮರಳು ಎಲ್ಲಿದೆ ಅಂತ ಹುಡುಕಬೇಕಾಗಿತ್ತು. ನಗರದವರು ಯಂತ್ರ ತಂದು ಒಂದಷ್ಟನ್ನು ಗೋರಿ ಬದಿಗೆ ಸರಿಸುತ್ತಾರೆ, ಪೂರ್ತಿ ತೆಗೆಯುವುದಿಲ್ಲ. ಮರಳು ಕೊಚ್ಚಿಹೋಗದಂತೆ ಹಿಡಿದಿಡುವುದಕ್ಕೆ ಅದು ಬೇಕು. ಆದ್ದರಿಂದ "ಇಷ್ಟು ದೊಡ್ಡ ದೇಶ, ಕಸ ಗುಡಿಸೋಕೆ ಆಗಲ್ವಾ?" ಎಂಬ ಪ್ರಶ್ನೆಗೆ ಉತ್ತರವಿದೆ. ಕೇಳುವ ತಾಳ್ಮೆ ಇರುವುದಿಲ್ಲ, ಅಷ್ಟೆ.

ಹೊಸ ಪಾಚಿ ಹೊಂಬಣ್ಣಕ್ಕಿರುತ್ತದೆ, ಕಾಲಿಟ್ಟರೆ ಪುಟಿಯುತ್ತದೆ, ಹೆಚ್ಚು ವಾಸನೆಯಿಲ್ಲ. ಎರಡು ದಿನ ಬಿಸಿಲಲ್ಲಿ ಬಿದ್ದಿದ್ದು ಕಪ್ಪಾಗಿ, ನೊಣ ಕಟ್ಟಿಕೊಂಡು, ಹೈಡ್ರೋಜನ್ ಸಲ್ಫೈಡ್ ಬಿಡತೊಡಗುತ್ತದೆ. ಅದು ಕೊಳೆತ ಮೊಟ್ಟೆಯ ವಾಸನೆ. ಅಪ್ಪಟ ಸಸ್ಯಾಹಾರಿ ಕುಟುಂಬಗಳು ಪಕ್ಕದ ಛತ್ರಿಯವರ ಡಬ್ಬಿಯನ್ನು ಅನುಮಾನದಿಂದ ನೋಡುವುದು ಈ ಘಟ್ಟದಲ್ಲೇ.

ಇನ್ನು ಚಾಪೆ ಎಲ್ಲಿ ಹಾಸುವುದು ಅನ್ನುವ ಪ್ರಶ್ನೆ. ಮಧ್ಯಾಹ್ನದ ಗಾಳಿ ಸಾಮಾನ್ಯವಾಗಿ ಕಡಲಿಂದ ನೆಲದ ಕಡೆಗೆ ಬೀಸುತ್ತದೆ. ಪಾಚಿ ರಾಶಿಯ ಹಿಂದೆ ಕೂತರೆ ವಾಸನೆ ಪೂರ್ತಿ ನಿಮ್ಮ ಪಾಲು. ಮುಂದೆ, ಅಂದರೆ ರಾಶಿಗೂ ನೀರಿಗೂ ನಡುವೆ, ಕೂತರೆ ವಾಸನೆಯಿಲ್ಲ. ಆದರೆ ಆ ರಾಶಿ ಅಲ್ಲಿ ಬಂದು ಕೂತಿದ್ದೇ ಹಿಂದಿನ ಭರತದ ನೀರು ಅಲ್ಲಿಯವರೆಗೆ ಬಂದಿದ್ದರಿಂದ! ಇಲ್ಲಿ ಉಬ್ಬರ-ಇಳಿತದ ಅಂತರ ಒಂದೆರಡು ಅಡಿಯಷ್ಟೇ. ಆದರೆ ದಡ ತಟ್ಟೆಯಂತೆ ಚಪ್ಪಟೆಯಾದ್ದರಿಂದ ಆ ಒಂದಡಿ ನೀರು ಚಿತ್ರಾನ್ನದ ಡಬ್ಬಿಯವರೆಗೂ ಸಲೀಸಾಗಿ ಹರಿದುಬರುತ್ತದೆ. ಹೊರಡುವ ಮುಂಚೆ ಫೋನಿನಲ್ಲಿ ಭರತದ ವೇಳೆ ನೋಡಿಕೊಂಡು, ನೀರು ಇಳಿಯುತ್ತಿರುವ ಹೊತ್ತಿಗೆ ತಲುಪುವುದೇ ಇದಕ್ಕಿರುವ ದಾರಿ. ರಾಹುಕಾಲ ನೋಡುವವರಿಗೆ ಇದೇನು ಹೊಸ ಕೆಲಸವಲ್ಲ.

ಬೀಚಿಗಿಳಿಯುವುದಕ್ಕೂ ಒಂದು ವಿಧಾನವಿದೆ. 1900ರ ಚಂಡಮಾರುತದಲ್ಲಿ ಈ ಊರಿನಲ್ಲಿ ಸಾವಿರಾರು ಜನ ಸತ್ತ ಮೇಲೆ 17 ಅಡಿ ಎತ್ತರದ ಕಡಲಗೋಡೆ ಕಟ್ಟಿದರು. ಅದೀಗ 10 ಮೈಲಿಯಷ್ಟು ಉದ್ದವಿದೆ. ರಸ್ತೆ, ಪಾರ್ಕಿಂಗ್, ಹೋಟೆಲು ಎಲ್ಲ ಗೋಡೆಯ ಮೇಲೆ. ಮರಳು ಕೆಳಗೆ. ನಡುವೆ ಮೆಟ್ಟಿಲು. ಪಾರ್ಕಿಂಗ್ ಹಣವನ್ನು ಫೋನಿನಲ್ಲೇ ಕಟ್ಟಬೇಕು. ಕೂಲರ್, ಛತ್ರಿ, ಚಾಪೆ, ಎರಡು ಕುರ್ಚಿ, ಅಜ್ಜಿ ಇಷ್ಟನ್ನೂ ಕೆಳಗಿಳಿಸಿದ ಮೇಲೆ ಫೋನು ಕಾರಿನ ನಂಬರ್ ಕೇಳುತ್ತದೆ. ಬಾಡಿಗೆ ಕಾರಾದರೆ ನಂಬರ್ ಯಾರಿಗೂ ನೆನಪಿರುವುದಿಲ್ಲ. ಇಳಿಯುವ ಮುಂಚೆಯೇ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ. ಅದೇ ಹೊತ್ತಿಗೆ ಕೂಲರಿನಿಂದ ಗಾಜಿನ ಉಪ್ಪಿನಕಾಯಿ ಬಾಟ್ಲಿ ತೆಗೆದು ಕಾರಿನಲ್ಲೇ ಬಿಡಿ. ಬೀಚಿನಲ್ಲಿ ಗಾಜು ನಿಷಿದ್ಧ. ಮಿಡಿಗಾಯಿ ಇದ್ದರೂ ಅಷ್ಟೇ, ಬಿಯರ್ ಇದ್ದರೂ ಅಷ್ಟೇ.

ಊಟಕ್ಕೆ ಕಡಲಿಗೆ ಬೆನ್ನು ಹಾಕಿ ಕೂರಬೇಕು, ಇಲ್ಲವಾದರೆ ಮೊಸರನ್ನಕ್ಕೆ ಮರಳಿನ ಒಗ್ಗರಣೆ. ಪೇಪರ್ ಪ್ಲೇಟಿಗೆ ಭಾರದ ಪದಾರ್ಥ ಮೊದಲು ಬಡಿಸಬೇಕು. ಹಪ್ಪಳ ತರಲೇಬಾರದು. ಇಲ್ಲಿನ ಕಡಲಕ್ಕಿಗಳು ಕೈಯಿಂದಲೇ ಕಿತ್ತುಕೊಂಡು ಹೋಗುತ್ತವೆ, ಒಂದಕ್ಕೆ ಸಿಕ್ಕರೆ ಬಂಧುಬಳಗವನ್ನೆಲ್ಲ ಕರೆಯುತ್ತವೆ.

ಮಕ್ಕಳಿಗೆ ಪಾಚಿಯ ಗುಳ್ಳೆ ಒತ್ತಿ ಟಪ್ಪೆನ್ನಿಸುವುದು ಭಾರಿ ಖುಷಿ, ಅಪಾಯವೂ ಇಲ್ಲ. ಆದರೆ ಅದೇ ರಾಶಿಯಲ್ಲಿ ನೀಲಿ-ನೇರಳೆ ಬಣ್ಣದ, ಬಲೂನಿನ ಹಾಗೆ ಉಬ್ಬಿದ ಒಂದು ವಸ್ತು ಸಿಕ್ಕಿಕೊಂಡಿರಬಹುದು. ಅದು ಪೋರ್ಚುಗೀಸ್ ಮ್ಯಾನ್ ಓ ವಾರ್, ಜೆಲ್ಲಿ ಮೀನಿನ ದಾಯಾದಿ. ಸತ್ತು ಒಣಗಿದ ಮೇಲೂ ಕುಟುಕುವ ಹಠಮಾರಿ. ಕಂದು ಗುಳ್ಳೆ ಒತ್ತಬಹುದು, ನೀಲಿ ಗುಳ್ಳೆ ಮುಟ್ಟಬಾರದು: ಈ ಪಾಠ ಮೆಟ್ಟಿಲಿಳಿಯುವಾಗಲೇ ಆಗಿಬಿಡಲಿ. ನೇರಳೆ ಬಾವುಟ ಹಾರುತ್ತಿದ್ದರೆ ನೀರಿನಲ್ಲಿ ಇಂಥವು ಇವೆ ಅಂತ ಅರ್ಥ. ಕುಟುಕಿದರೆ ಮರಳು ಹಾಕಿ ಉಜ್ಜಬೇಡಿ, ಕುಡಿಯುವ ನೀರು ಸುರಿಯಬೇಡಿ. ಲೈಫ್‌ಗಾರ್ಡ್ ಹತ್ತಿರ ಹೋಗಿ.

ಜೀನ್ಸ್, ಚೂಡಿದಾರ್, ದೊಗಳೆ ಟಿ-ಶರ್ಟ್ ಹಾಕಿಕೊಂಡೇ ಕಡಲಿಗಿಳಿಯುವ ನಮ್ಮ ಪದ್ಧತಿಗೂ ಈ ಪಾಚಿಗೂ ಆಗಿಬರುವುದಿಲ್ಲ. ಅದರ ಜೊತೆ ಕಣ್ಣಿಗೆ ಕಾಣದ ಮರಿ ಜೆಲ್ಲಿಗಳು ಬರುತ್ತವೆ, ಬಟ್ಟೆಯೊಳಗೆ ಸಿಕ್ಕಿಕೊಳ್ಳುತ್ತವೆ, ಒತ್ತಿದಲ್ಲೆಲ್ಲ ಕಚ್ಚುತ್ತವೆ. ಒದ್ದೆ ಬಟ್ಟೆಯಲ್ಲೇ ಷವರ್ ಕೆಳಗೆ ನಿಂತರೆ ಸಿಹಿನೀರು ತಾಗಿ ಇನ್ನಷ್ಟು ಕೆರಳುತ್ತವೆ. ಮೊದಲು ಬಟ್ಟೆ ತೆಗೆಯಬೇಕು, ಆಮೇಲೆ ಸ್ನಾನ. ಹೇಳುವುದು ಸುಲಭ, ಗೋಡೆಯುದ್ದಕ್ಕೂ ಶೌಚಾಲಯ, ಷವರ್ ಎಲ್ಲ ದೂರದೂರಕ್ಕೆ, ಬಟ್ಟೆ ಬದಲಿಸುವ ಕೋಣೆ ನಿಮ್ಮ ಮೆಟ್ಟಿಲಿನ ಹತ್ತಿರ ಇರುತ್ತದೆ ಅಂತ ನಂಬಿ ಕೂರುವಂತಿಲ್ಲ. ಈ ಕೊರತೆ ನೀಗಿಸುವುದು ಒಂದು ಜೋಡಿ ಪಂಚೆ. ಕಾರಿನ ಎರಡು ಬಾಗಿಲು ತೆರೆದು ನಡುವೆ ಕಟ್ಟಿದರೆ ಡ್ರೆಸ್ಸಿಂಗ್ ರೂಮ್ ರೆಡಿ. ಗಾಳಿಗೆ ಹಾರದಂತೆ ಕೆಳಗಂಚನ್ನು ಹಿಡಿದುಕೊಳ್ಳಲು ಒಬ್ಬ ನಂಬಿಕಸ್ಥ ಬೇಕು. ಸಾಮಾನ್ಯವಾಗಿ ಅಳಿಯ.

ಡಿಕ್ಕಿಯಲ್ಲಿ ತಲೆಗೊಂದು ಗ್ಯಾಲನ್ ಕ್ಯಾನ್ ನೀರು ಇಟ್ಟಿದ್ದರೆ ಸಂಜೆಗೆ ಅದು ಬಿಸಿನೀರೇ ಆಗಿರುತ್ತದೆ. ಒಂದು ಚೊಂಬು ಮರೆಯಬೇಡಿ. ಕ್ಯಾನಿನಿಂದ ನೇರ ಸುರಿದರೆ ಒಬ್ಬರಿಗೇ ಖಾಲಿ. ಕಾಲು ಕೊನೆಗೆ, ಅದೂ ಕಾರಿನ ಸೀಟಿನ ಅಂಚಿಗೆ ಕೂತ ಮೇಲೆ. ಆಮೇಲೂ ಅಂಟಿಕೊಂಡ ಮರಳಿಗೆ, ಕಾಲು ಒರೆಸಿ ಟಾಲ್ಕಂ ಪೌಡರ್ ಹಾಕಿ ತಟ್ಟಿದರೆ ಉದುರಿಹೋಗುತ್ತದೆ. ಚಾಪೆ ಮಡಚುವ ಮುಂಚೆ ಪೂರ್ತಿ ಕೊಡವಿ. ಮಡಿಕೆಯಲ್ಲಿ ಒಂದೇ ಒಂದು ಎಳೆ ಪಾಚಿ ಉಳಿದು, ಡಿಕ್ಕಿಯ ಬಿಸಿಗೆ ಬಿದ್ದರೆ ಸೋಮವಾರ ಆಫೀಸಿಗೆ ಕಿಟಕಿ ತೆರೆದುಕೊಂಡೇ ಹೋಗಬೇಕಾಗುತ್ತದೆ.

ಹೊರಡುವ ಗಡಿಬಿಡಿಯಲ್ಲಿ ಅಮ್ಮ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಪಾಚಿ ಆರಿಸತೊಡಗಿದರೆ, ಅದು ಕುಂಡದ ಕರಿಬೇವಿಗೆ ಗೊಬ್ಬರ ಅಂತ ತಿಳಿಯಿರಿ. ಬೇಡ ಅನ್ನಿ. ಉಪ್ಪಿದೆ ಅಂದರೆ "ನಾಲ್ಕು ಸಲ ತೊಳೆದರಾಯ್ತು" ಅನ್ನುತ್ತಾರೆ. ಸರ್ಗಾಸಮ್ ಸಮುದ್ರದಿಂದ ಆರ್ಸೆನಿಕ್ ಹೀರಿಕೊಳ್ಳುತ್ತದೆ, ತಿನ್ನುವ ಗಿಡಕ್ಕೆ ಹಾಕುವಂಥದ್ದಲ್ಲ ಅನ್ನಿ. ಆರ್ಸೆನಿಕ್ ಅಂದರೆ ಪಾಷಾಣ ಅಂತ ಅಪ್ಪ ಸೇರಿಸುತ್ತಾರೆ. ಚೀಲ ಅಲ್ಲಿಗೇ ಖಾಲಿಯಾಗುತ್ತದೆ. ಆಮೇಲೆ ಅದರೊಳಗೆ ಒದ್ದೆ ಚೂಡಿದಾರ್ ತುಂಬಿ.