ಮೂರು ದಿನದ ಕೆಲಸ, ಪೂರ್ತಿ ತಿಂಗಳ ಬಾಡಿಗೆ

ಜರ್ಮನಿಯ ಕುರ್ತ್ಸ್‌ಆರ್ಬೈಟ್, ಅಂದರೆ ಕಡಿಮೆ ಗಂಟೆ ಕೆಲಸದ ಯೋಜನೆ, ಅದರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬರೆದದ್ದು ಒಳ್ಳೆಯದಾಯಿತು. ಆರ್ಡರ್ ಇಲ್ಲದೆ ಕೆಲಸದ ಗಂಟೆ ಇಳಿಸಿದರೆ, ಕೈತಪ್ಪಿದ ನಿವ್ವಳ ಸಂಬಳದಲ್ಲಿ ಶೇ. 60, ಮಕ್ಕಳಿದ್ದರೆ ಶೇ. 67 ಅಲ್ಲಿ ಸರ್ಕಾರಿ ನಿರುದ್ಯೋಗ ವಿಮೆಯಿಂದ ಸಿಗುತ್ತದೆ. ಕೆಲಸವೂ ಉಳಿಯುತ್ತದೆ.

ನಾನು ಪೀಣ್ಯದಲ್ಲಿ ಲೇತ್ ಆಪರೇಟರ್. 2020ರಲ್ಲಿ ನಮ್ಮ ಶಾಪಿನಲ್ಲಿ 18 ಜನ ಇದ್ದೆವು. ವಾರಕ್ಕೆ ಮೂರೇ ದಿನ ಕೆಲಸ. ಬುಧವಾರ ಸಂಜೆ ಲೇತ್‌ನ ಬೆಡ್‌ಗೆ ಎಣ್ಣೆ ಸವರಿ, ಮಷಿನ್‌ಗೆ ಟಾರ್ಪಾಲು ಹೊದಿಸಿ ಬಂದರೆ ಮತ್ತೆ ಸೋಮವಾರವೇ. ಸಂಬಳ ಅರ್ಧ. ಬಾಡಿಗೆ ಮಾತ್ರ ಪೂರ್ತಿ ಅಲ್ವಾ? ಹೆಂಡತಿಯ ಬಳೆ ಅಡವಿಟ್ಟು ಮಗಳ ಫೀಸು ಕಟ್ಟಿದೆ. ಮಾಲೀಕರನ್ನು ಸುಮ್ನೆ ಬೈಯಲಾರೆ, ಅವರಿಗೇ ಬಿಲ್ ಹಣ ಬಂದಿರಲಿಲ್ಲ.

ನಮ್ಮಲ್ಲೂ ಲೇಆಫ್ ಪರಿಹಾರ, ಅಂದರೆ ಮಾಲೀಕರು ಕೆಲಸ ಕೊಡಲಾಗದ ದಿನಗಳ ಪರಿಹಾರ, 1953ರಿಂದ ಇದೆ. ಮೂಲ ವೇತನ, ತುಟ್ಟಿಭತ್ಯೆ ಸೇರಿಸಿ ಅದರಲ್ಲಿ ಅರ್ಧ. ಆದರೆ ಕೊಡಬೇಕಾದವರು ಮಾಲೀಕರು. 50 ಜನಕ್ಕಿಂತ ಕಡಿಮೆ ಇರುವ ಕಾರ್ಖಾನೆಗೆ ಅದೂ ಇಲ್ಲ. ಸಣ್ಣ ಶಾಪುಗಳಲ್ಲಿ ಅಷ್ಟು ಜನ ಎಲ್ಲಿರುತ್ತಾರೆ? ಇಎಸ್‌ಐನ (ನೌಕರರ ರಾಜ್ಯ ವಿಮೆಯ) ಅಟಲ್ ನಿರುದ್ಯೋಗ ಪರಿಹಾರ ಯೋಜನೆ ಕೆಲಸ ಪೂರ್ತಿ ಹೋದವರಿಗೆ, ಅದೂ 90 ದಿನದವರೆಗೆ. ನಮ್ಮ ಸಂಬಳದಿಂದ ಪ್ರತಿ ತಿಂಗಳೂ ಶೇ. 0.75 ಇಎಸ್‌ಐಗೆ ಹೋಗುತ್ತದೆ. ಗಂಟೆ ಕಡಿತವಾದಾಗಲೂ ಆ ನಿಧಿಯಿಂದ ಒಂದಿಷ್ಟು ಸಿಗುವಂತೆ ನಿಯಮ ಬದಲಿಸಲಿ.